ಹಳೇ ಗೇರ್‌ಬಾಕ್ಸ್‌ಗೆ ಆಡಿಟಿವ್ ಹಾಕಬಹುದಾ?

ಪ್ರಶ್ನೆ: ನನ್ನ ಕಾರು 1.8 ಲಕ್ಷ ಕಿಲೋಮೀಟರ್ ಓಡಿದೆ. ಮ್ಯಾನುವಲ್ ಗೇರ್. ಬೆಳಗ್ಗೆ ಗಾಡಿ ತಣ್ಣಗಿರುವಾಗ ಸೆಕೆಂಡ್ ಗೇರ್ ಹಾಕಿದರೆ ಕರಕರ ಅನ್ನುತ್ತೆ, ಬಿಸಿಯಾದ ಮೇಲೆ ಸುಮಾರಾಗಿ ಸರಿಹೋಗುತ್ತೆ. ಗೇರ್ ಆಯಿಲ್ ಒಮ್ಮೆಯೂ ಬದಲಿಸಿಲ್ಲ. ಒಂದು ಬಾಟಲಿ ಆಡಿಟಿವ್ (ಆಯಿಲ್‌ಗೆ ಬೆರೆಸುವ ರಾಸಾಯನಿಕ) ಸುರಿದರೆ ಸಾಕು ಅಂತ ಗೆಳೆಯರೊಬ್ಬರು ಹೇಳ್ತಾರೆ. ಹಾಕಲಾ?

ಉತ್ತರ: ಬೇಡ. ಮೊದಲು ಆಯಿಲ್ ಬದಲಿಸಿ.

ಎಲ್ಲಾ ಕಡೆ ಜಾರಿದಷ್ಟೂ ಒಳ್ಳೇದು ಅನ್ನೋ ಲೆಕ್ಕ ಗೇರ್‌ಬಾಕ್ಸ್‌ನಲ್ಲಿ ನಡೆಯೋದಿಲ್ಲ. ನೀವು ಸೆಕೆಂಡ್‌ಗೆ ಹಾಕಿದಾಗ ಒಳಗೆ ಸಿಂಕ್ರೊ ರಿಂಗ್ ಅಂತ ಒಂದು ಬಳೆ, ಸಾಮಾನ್ಯವಾಗಿ ಹಿತ್ತಾಳೆಯದು, ಗೇರಿನ ಕೋನ್ ಮೇಲೆ ಒತ್ತಿ ಕೂರುತ್ತದೆ. ಆ ಉಜ್ಜಾಟದಿಂದಲೇ ಎರಡೂ ಕಡೆಯ ವೇಗ ಒಂದಾಗುತ್ತದೆ, ಆಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿರುತ್ತವೆ. ಕೋನ್ ಮೇಲಿನ ಆಯಿಲ್ ಪದರವನ್ನು ಕೆರೆದು ಹಾಕೋದು ಅವುಗಳ ಕೆಲಸ. ಅವು ಸವೆದಿದ್ದು, ಜೊತೆಗೆ ಆಯಿಲ್ ತಣ್ಣಗೆ ಮಂದವಾಗಿದ್ದರೆ, ರಿಂಗ್ ಹಿಡಿಯದೆ ಜಾರುತ್ತದೆ. ನಿಮ್ಮ ಬೆಳಗಿನ ಕರಕರಕ್ಕೆ ಬಹುಶಃ ಇದೇ ಕಾರಣ. ಅಂಥ ಕಡೆ ಮಾಲಿಬ್ಡಿನಮ್ಮೋ ಟೆಫ್ಲಾನೋ ಇರುವ ಬಾಟಲಿ ಸುರಿದರೆ ಅದು ಇನ್ನೂ ಜಾರುತ್ತದೆ ಅಲ್ವಾ?

ಒಳ್ಳೆ ಗೇರ್ ಆಯಿಲ್‌ನಲ್ಲಿ ಬೇಕಾದ ಆಡಿಟಿವ್ ಅಳತೆ ನೋಡಿಯೇ ಸೇರಿಸಿರುತ್ತಾರೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಜಿಎಲ್-4 (ಆಯಿಲ್‌ನ ದರ್ಜೆ), 75ಡಬ್ಲ್ಯು-80 (ಅದು ಎಷ್ಟು ಮಂದ ಅನ್ನೋದು) ಅಂತೆಲ್ಲ ಬರೆದಿರುತ್ತದೆ. ಅದನ್ನೇ ಹಾಕಿ. ನಂಬರ್ ಜಾಸ್ತಿ ಅಂತ ಜಿಎಲ್-4 ಬದಲು ಜಿಎಲ್-5 ಹಾಕುವವರಿದ್ದಾರೆ, ದಯವಿಟ್ಟು ಆ ತಪ್ಪು ಮಾಡಬೇಡಿ. ಜಿಎಲ್-5 ಮುಖ್ಯವಾಗಿ ಆಕ್ಸಲ್‌ನ ಹೈಪಾಯ್ಡ್ ಗೇರ್‌ಗಳಿಗೆ (ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುವ ಗೇರ್‌ಗಳು) ಮಾಡಿದ್ದು, ಅದರಲ್ಲಿ ಗಂಧಕ-ರಂಜಕದ ಆಡಿಟಿವ್ ಹೆಚ್ಚುಕಮ್ಮಿ ಎರಡರಷ್ಟಿರುತ್ತದೆ, ಎಷ್ಟೋ ಹಿತ್ತಾಳೆ ರಿಂಗ್‌ಗಳಿಗೆ ಅದು ಹಿಡಿಸೋದಿಲ್ಲ.

ಬದಲಿಸುವಾಗ ಒಂದು ಮಾತು ನೆನಪಿಡಿ: ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚೋಕೇ ಆಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಎರಡು ಬೆರಳ ನಡುವೆ ಉಜ್ಜಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಆದರೆ ಇಷ್ಟು ಓಡಿದ ಗಾಡಿಗೆ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಇಳಿದ ಆಯಿಲ್ ಬಿಸಿಲಲ್ಲಿ ಚಿನ್ನದ ಪುಡಿ ಕಲಸಿದ ಹಾಗೆ ಮಿಂಚಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟಲ್ಲ, ಹಾಗಾಗಿ ಆಯಿಲನ್ನೇ ನೋಡಬೇಕು.

ಗೇರ್‌ಬಾಕ್ಸ್ ಊಳಿಡುವ ಸದ್ದಿದೆಯಾ ಅಂತಲೂ ನೋಡಿ. ಎಂಜಿನ್ ಆನ್ ಇರಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಸದ್ದು ಬಂದು, ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ (ಎಂಜಿನ್ ಕಡೆಯಿಂದ ಗೇರ್‌ಬಾಕ್ಸ್ ಒಳಗೆ ಬರುವ ದಂಡ) ಬೇರಿಂಗ್ ಮೇಲೆ ಅನುಮಾನ. ಇಂಥ ಸದ್ದನ್ನು ಬಾಟಲಿ ಹಾಕಿ ಅಡಗಿಸೋದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತೆ. ಬೇರಿಂಗ್ ಸವೆಯೋದು ನಿಲ್ಲೋದಿಲ್ಲ, ನಿಮಗೆ ಕೇಳಿಸೋದು ಮಾತ್ರ ನಿಲ್ಲುತ್ತೆ. ರಿವರ್ಸ್, ಫಸ್ಟ್ ಕೂಡ ತೊಂದರೆ ಕೊಟ್ಟರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲದಿರಬಹುದು, ಅದನ್ನು ಮೊದಲು ನೋಡಿಸಿ.

ಆಡಿಟಿವ್ ಯಾವತ್ತೂ ಬೇಡ ಅಂತಲ್ಲ. ಸೀಲ್ ಗಟ್ಟಿಯಾಗಿ ಆಯಿಲ್ ಸ್ವಲ್ಪ ಒಸರುತ್ತಿದ್ದರೆ, ರಬ್ಬರ್ ಉಬ್ಬಿಸುವ ಆಡಿಟಿವ್ ಕೆಲವು ದಿನ ತಡೆಯಬಹುದು. ಆದರೆ ಅದಕ್ಕೂ ಮುಂಚೆ ಗೇರ್‌ಬಾಕ್ಸ್‌ನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ದಾರಿ) ಕಟ್ಟಿಕೊಂಡಿದೆಯಾ ನೋಡಿ, ಒಳಗೆ ಒತ್ತಡ ಏರಿ ಸೀಲ್‌ನಿಂದ ಒಸರೋದೂ ಉಂಟು. ಆಟೊಮ್ಯಾಟಿಕ್ ಗಾಡಿಯವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಕ್ಲಚ್ ಪ್ಲೇಟ್‌ಗಳು ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಸಿವಿಟಿಯಲ್ಲಂತೂ (ಗೇರ್‌ಗಳ ಬದಲು ಬೆಲ್ಟ್, ಪುಲ್ಲಿ ಇರುವ ಆಟೊಮ್ಯಾಟಿಕ್) ಬೆಲ್ಟ್ ಪುಲ್ಲಿಯನ್ನು ಹಿಡಿಯೋದೇ ಆ ಆಯಿಲ್ ಗುಣದಿಂದ.

ಹೊಸ ಆಯಿಲ್‌ನಲ್ಲಿ ಒಂದು ಸಾವಿರ ಕಿಲೋಮೀಟರ್ ಓಡಿಸಿ. ಅಲ್ಲಿವರೆಗೆ ಬೆಳಗ್ಗೆ ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಹಾಕಿ, ರಿಂಗಿನ ಮೇಲಿನ ಹೊರೆ ಕಮ್ಮಿಯಾಗುತ್ತದೆ. ಆಮೇಲೂ ಕರಕರ ಇದ್ದರೆ ಗೇರ್‌ಬಾಕ್ಸ್ ಬಿಚ್ಚಿಸಿ ರಿಂಗ್ ಬದಲಿಸಬೇಕು.