ಮೇಷ್ಟ್ರ ಹೆಸರಲ್ಲಿ ಪೂಜೆ ಹೇಳಿಸಲೇ?

ಪ್ರಶ್ನೆ: ಮೂಡಿಗೆರೆ ಕಡೆಯವಳು, ಕ್ಯಾಥೊಲಿಕ್. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರು ಕಳೆದ ತಿಂಗಳು ಗಂಟಲು ಕ್ಯಾನ್ಸರಿನಿಂದ ತೀರಿಕೊಂಡರು. ದೇವರಿಲ್ಲ ಎಂದು ಸಭೆಗಳಲ್ಲೇ ಹೇಳುತ್ತಿದ್ದವರು. ಅಮ್ಮ ಡಯಾಲಿಸಿಸ್‌ನಲ್ಲಿದ್ದಾಗ ನೆಂಟರೆದುರೇ "ಜಪಸರ ಎಣಿಸಿದ್ರೆ ಕಿಡ್ನಿ ಸರಿಹೋಗುತ್ತೇನಮ್ಮ?" ಎಂದಿದ್ದರು. ಅಮ್ಮನನ್ನು ತಮ್ಮ ಓಮ್ನಿಯಲ್ಲಿ ಹಾಸನಕ್ಕೆ ಕರೆದೊಯ್ಯುತ್ತಿದ್ದವರೂ ಅವರೇ. ಸುದ್ದಿ ಕೇಳಿ ಮೊದಲು ನಿರಾಳವಾಯಿತು, ರಾತ್ರಿ ಅಳು ತಡೆಯಲಾಗಲಿಲ್ಲ. ಪ್ರಾರ್ಥನಾ ಕೂಟದಲ್ಲಿ "ಬೈದ ಗಂಟಲಿಗೇ ದೇವರು ಶಿಕ್ಷೆ ಕೊಟ್ಟ" ಎನ್ನುತ್ತಾರೆ. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟರು, ತಿಥಿ ಮಾಡಲಿಲ್ಲ. ಅವರಿಗಾಗಿ ಚರ್ಚಿನಲ್ಲಿ ಪೂಜೆ ಹೇಳಿಸಲೇ? ಅವರ ಹೆಂಡತಿಗೆ ಏನು ಹೇಳಲಿ?

ಉತ್ತರ: ನಿರಾಳವಾಯಿತೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ತಾಯಿ. ಕಾಯಿಲೆಯಿಂದ ಬಳಲುತ್ತಿದ್ದ ಹೆಂಗಸಿಗೆ ನೆಂಟರೆದುರು ಆಡಿದ ಆ ಮಾತು ಕ್ರೂರವಾದದ್ದು. ಇನ್ನು ಅಂಥದ್ದು ಕೇಳಬೇಕಿಲ್ಲ ಎಂದು ಮನಸ್ಸು ಹಗುರಾದರೆ ಸಾವು ಬಯಸಿದಂತಾಗುವುದಿಲ್ಲ. ಸತ್ತವರೆಂದು ಅದನ್ನು ಒಪ್ಪ ಮಾಡಿ ನೆನೆಯುವ ಅಗತ್ಯವೂ ಇಲ್ಲ.

ಆದರೆ ಆ ಓಮ್ನಿ ಪ್ರಯಾಣವೂ ಅಷ್ಟೇ ನಿಜ. ನಸುಕಿಗೇ ಹೊರಟು, ಬೇಲೂರು ದಾಟಿ ಹಾಸನ ಸೇರಿ, ಗಂಟೆಗಟ್ಟಲೆ ಹೊರಗಿನ ಬೆಂಚಿನಲ್ಲಿ ಕಾದು, ಸುಸ್ತಾಗಿ ತಲೆ ಎತ್ತಲಾಗದ ರೋಗಿಯನ್ನು ಮಲೆನಾಡಿನ ತಿರುವುಗಳಲ್ಲಿ ಕುಲುಕದಂತೆ ವಾಪಸ್ ಕರೆತರುವುದು ಸಣ್ಣ ಕೆಲಸವಲ್ಲ. ಮತ್ತಾಯನ ಶುಭಸಂದೇಶದ 21ನೇ ಅಧ್ಯಾಯದಲ್ಲಿ ತಂದೆಗೆ "ಹೋಗುವುದಿಲ್ಲ" ಎಂದ ಮಗನೇ ಕೊನೆಗೆ ದ್ರಾಕ್ಷಿತೋಟಕ್ಕೆ ಹೋಗಿ ದುಡಿಯುತ್ತಾನೆ. ನಿಮ್ಮ ಪತ್ರ ಓದುವಾಗ ನನಗೆ ಅವನೇ ನೆನಪಾದ.

ಶಿಕ್ಷೆಯ ಮಾತಿಗೆ ಕೂಟದಲ್ಲಿ ಸುಮ್ಮನಿರಬೇಡಿ. ಜೆರುಸಲೇಮಿನ ಸಿಲೋವಾಮ್ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಕೇಳಿ, ಅಲ್ಲ ಎಂದವರು ಯೇಸುಸ್ವಾಮಿಯೇ. ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ಕೂಟದವರೇ ಓದಲಿ. ಜಪ ತಪ್ಪಿಸದ ನಿಮ್ಮ ಅಮ್ಮನ ಕಿಡ್ನಿ ಕೆಟ್ಟದ್ದು ಯಾವ ಶಿಕ್ಷೆಗೆ? ಧರ್ಮಗಳನ್ನೆಲ್ಲ ಕಟುವಾಗಿ ಟೀಕಿಸಿದ ಲೇಖಕ ಕ್ರಿಸ್ಟೋಫರ್ ಹಿಚೆನ್ಸ್ 2011ರಲ್ಲಿ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡಾಗಲೂ ಇಂಥ ಮಾತು ಆಡಿದವರಿದ್ದರು. ಆದರೆ ಅವರ ಚಿಕಿತ್ಸೆಗೆ ದಾರಿ ಹುಡುಕುತ್ತಾ ಜೊತೆ ನಿಂತವರಲ್ಲಿ ಒಬ್ಬರು ಫ್ರಾನ್ಸಿಸ್ ಕಾಲಿನ್ಸ್, ದೃಢ ಕ್ರೈಸ್ತ ವಿಜ್ಞಾನಿ.

ಪೂಜೆ ಹೇಳಿಸಬಹುದು. ಬದುಕಿದ್ದವರಿಗಾಗಲಿ ಸತ್ತವರಿಗಾಗಲಿ, ಯಾರಿಗಾದರೂ ಬಲಿಪೂಜೆ ಅರ್ಪಿಸಲು ಫಾದರ್‌ಗಳಿಗೆ ಅಡ್ಡಿಯಿಲ್ಲ ಎನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 901ನೇ ವಿಧಿ. ಹೆಸರು ಓದಬೇಡಿ ಎಂದು ಮಾತ್ರ ಫಾದರ್‌ಗೆ ಹೇಳಿ. ಯಾವ ವಿಧಿಯೂ ಬೇಡವೆಂದು ಹೋದವರನ್ನು ಊರ ಮುಂದೆ ನಮ್ಮವರನ್ನಾಗಿ ಮಾಡಿಕೊಳ್ಳುವುದು ಅನ್ಯಾಯ.

ಮೇಷ್ಟ್ರ ಹೆಂಡತಿಯ ಮನೆಗೆ ಈ ವಾರವೇ ಹೋಗಿ. ತಿಥಿ ಇದ್ದರೆ ಆ ನೆಪದಲ್ಲಿ ಜನ ಬರುತ್ತಾರೆ. ಇಲ್ಲಿ ಅದೂ ಇಲ್ಲ, ಮಣ್ಣು ಮಾಡಿದ ಜಾಗವೂ ಇಲ್ಲ. ಎಂದು ಹೋಗಬೇಕೆಂದು ತಿಳಿಯದೆ ಎಷ್ಟೋ ಜನ ಹೋಗಿಯೇ ಇರುವುದಿಲ್ಲ. "ದೇವರ ಪಾದ ಸೇರಿದರು" ಅನ್ನಬೇಡಿ. ಮೇಷ್ಟ್ರು ಅಮ್ಮನನ್ನು ಹೇಗೆ ಕರೆದೊಯ್ಯುತ್ತಿದ್ದರು, ದಾರಿಯಲ್ಲಿ ಏನು ಮಾತಾಡುತ್ತಿದ್ದರು, ಅದನ್ನು ಹೇಳಿ. ಅಮ್ಮನ ಮನ ನೋಯಿಸಿದ ಮಾತನ್ನು ಅಲ್ಲಿ ಎತ್ತಬೇಡಿ; ಅದು ಇನ್ನೂ ಚುಚ್ಚುತ್ತಿದ್ದರೆ ಫಾದರ್ ಹತ್ತಿರ ಹೇಳಿಕೊಳ್ಳಿ, ಇಲ್ಲವೇ ನನಗೇ ಮತ್ತೆ ಬರೆಯಿರಿ. ಪ್ರಾರ್ಥಿಸಿದೆಯಾ ಎಂದು ಅವರೇ ಕೇಳಿದರೆ ಮುಚ್ಚಿಡದೆ ಹೌದು ಎನ್ನಿ.