ಮ್ಯೂಸಿಯಂ, ಲೈಬ್ರರಿ, ಶಾಲೆಯವರ ಆನ್‌ಲೈನ್ ಗುಂಪುಗಳಿಂದ ನಿಜಕ್ಕೂ ಉಪಯೋಗ ಇದೆಯಾ?

ಮ್ಯೂಸಿಯಂನ ಶಿಕ್ಷಣ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ, ಇಡೀ ವಿಭಾಗಕ್ಕೆ ನೀವೊಬ್ಬರೇ. ಸೇರಿಕೊಂಡ ಚಾಟ್ ಗುಂಪಿನಲ್ಲಿ ಬರೀ ಶುಭಾಶಯ, ಕಾರ್ಯಕ್ರಮದ ಪೋಸ್ಟರ್. ಇಂಥ ಗುಂಪುಗಳಲ್ಲಿ ಇರಬೇಕಾ ಅಂತ ಕೇಳಿದ್ದೀರಿ. ಇರಿ, ಆದರೆ ಗುಂಪು ಬದಲಾಯಿಸಿ.

ನಾನೂ ಇದೇ ಕೆಲಸದಲ್ಲಿದ್ದೇನೆ. ಚಾಟ್ ಗುಂಪಿನ ತೊಂದರೆ ಶುಭಾಶಯ ಅಲ್ಲ, ಅದನ್ನು ಮ್ಯೂಟ್ ಮಾಡಿದರಾಯಿತು. ಯಾರಾದರೂ ಒಳ್ಳೆಯ ಉತ್ತರ ಕೊಟ್ಟರೂ ನಾಲ್ಕು ದಿನಕ್ಕೆ ಅದು ಎಲ್ಲೋ ಹೂತುಹೋಗುತ್ತದೆ, ಆಮೇಲೆ ಬಂದವರು ಅದನ್ನೇ ಮತ್ತೆ ಕೇಳುತ್ತಾರೆ, ಹೇಳಿದವರಿಗೆ ಹೇಳಿ ಹೇಳಿ ಸಾಕಾಗುತ್ತದೆ. ಹಳೇ ಇಮೇಲ್ ಗುಂಪುಗಳು ಈ ವಿಷಯದಲ್ಲಿ ವಾಸಿ. ಹಳೆಯ ಪತ್ರಗಳೆಲ್ಲ ಉಳಿದಿರುತ್ತವೆ, ಹುಡುಕಬಹುದು. ಹಳೆಯ ವಸ್ತುಗಳನ್ನು ಕಾಪಾಡುವ ಕೆಲಸದವರ 'ಕನ್ಸರ್ವೇಶನ್ ಡಿಸ್ಟ್‌ಲಿಸ್ಟ್' 1987ರಲ್ಲೇ ಶುರುವಾಯಿತು, ಮ್ಯೂಸಿಯಂನವರ 'ಮ್ಯೂಸಿಯಂ-ಎಲ್' 1991ರಲ್ಲಿ, ಇತಿಹಾಸದಂಥ ವಿಷಯ ಕಲಿಸುವವರ 'ಎಚ್-ನೆಟ್' 1990ರ ದಶಕದ ಮೊದಲ ವರ್ಷಗಳಲ್ಲಿ. ಎಚ್-ನೆಟ್‌ನಲ್ಲಿ ಬಂದ ಬರಹವನ್ನು ವಿಷಯ ಗೊತ್ತಿರುವ ಸಂಪಾದಕರು ನೋಡಿ ಹಾಕುತ್ತಾರೆ. ಸ್ವಲ್ಪ ನಿಧಾನ, ಆದರೆ ಜಗಳ ಕಡಿಮೆ.

ಇನ್ನು ಕೇಳುವ ರೀತಿ. ಅರ್ಧ ಕೆಲಸ ಅಲ್ಲೇ ಇರುವುದು. 'ಮಕ್ಕಳಿಗೆ ಮ್ಯೂಸಿಯಂ ಇಷ್ಟವಾಗುವಂತೆ ಮಾಡುವುದು ಹೇಗೆ?' ಅಂದರೆ ಸುಮ್ನೆ ಭಾಷಣ ಸಿಗುತ್ತದೆ. ಅದೇ 'ಹತ್ತು ವರ್ಷದ 60 ಮಕ್ಕಳು ಒಟ್ಟಿಗೆ ಬರುತ್ತಾರೆ, ಕೋಣೆಯಲ್ಲಿ 20 ಜನ ಮಾತ್ರ ನಿಲ್ಲಬಹುದು, ಇರುವುದು 45 ನಿಮಿಷ, ನೋಡಿಕೊಳ್ಳಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ' ಅಂತ ಬರೆಯಿರಿ. ಮೂರು ತಂಡ ಮಾಡಿ, ಒಂದು ಕೋಣೆಯೊಳಗೆ, ಒಂದು ಚಿತ್ರ ಬಿಡಿಸುತ್ತಾ, ಇನ್ನೊಂದು ಮುಟ್ಟಿ ನೋಡಬಹುದಾದ ನಕಲು ವಸ್ತುಗಳ ಹತ್ತಿರ, 15 ನಿಮಿಷಕ್ಕೊಮ್ಮೆ ಜಾಗ ಬದಲಿಸಿ ಅಂತ ಮ್ಯೂಸಿಯಂನವರು ಹೇಳಬಹುದು. ಗುಂಪಿನಲ್ಲಿ ಮೇಷ್ಟ್ರುಗಳೂ ಇದ್ದರೆ ಮಾತು ಬೇರೆಯೇ ಆಗುತ್ತದೆ. ಅದೆಲ್ಲ ಸರಿ, ಬರುವ ಮೊದಲೇ ಶಾಲೆಗೆ ಎರಡು ಫೋಟೋ ಕಳಿಸಿ, ನಾವು ಪಾಠದಲ್ಲೇ ಶುರುಮಾಡಿಕೊಂಡು ಬರುತ್ತೇವೆ ಅನ್ನುತ್ತಾರೆ. ಮ್ಯೂಸಿಯಂನವರೇ ಕೂತು ಮಾತಾಡಿದರೆ ಇದು ಅಷ್ಟು ಸುಲಭವಾಗಿ ಹೊಳೆಯಲ್ಲ. ಅದಕ್ಕೇ ಎರಡೂ ಕಡೆಯವರಿರುವ ಗುಂಪು ಹುಡುಕಿ ಅನ್ನುವುದು, ಸಣ್ಣದಾದರೂ ಪರವಾಗಿಲ್ಲ.

ಲೈಬ್ರರಿಯವರ ಕೆಲವು ಗುಂಪುಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಉತ್ತರಗಳು ಕೇಳಿದವರಿಗೆ ನೇರವಾಗಿ ಬರುತ್ತವೆ, ಅವರು ಎಲ್ಲವನ್ನೂ ಸೇರಿಸಿ ಒಂದೇ ಪತ್ರ ಮಾಡಿ ಗುಂಪಿಗೆ ಹಾಕುತ್ತಾರೆ. ನೀವೂ ಹಾಗೆ ಮಾಡಿ, ಜೊತೆಗೆ ಯಾವುದು ನಡೆಯಿತು, ಯಾವುದು ಕೈಕೊಟ್ಟಿತು ಅಂತಲೂ ಬರೆಯಿರಿ. ಹೀಗೆ ಬರೆಯುವವರಿಗೆ ಮುಂದಿನ ಸಲ ಉತ್ತರ ಜಾಸ್ತಿ ಬರುತ್ತದೆ, ನೋಡಿ ಬೇಕಾದರೆ.

ಮಕ್ಕಳ ಮುಖ ಕಾಣುವ ಫೋಟೋ ಹಾಕಬೇಡಿ. ಮೇಲಧಿಕಾರಿಯ ಮೇಲಿನ ದೂರಂತೂ ಬೇಡವೇ ಬೇಡ, ನಮ್ಮದು ತುಂಬಾ ಚಿಕ್ಕ ಲೋಕ, ಅವರೂ ಅದೇ ಗುಂಪಿನಲ್ಲಿ ಸದ್ದಿಲ್ಲದೆ ಓದುತ್ತಿರಬಹುದು ಅಲ್ವಾ?