ನೇತಿ ತಪ್ಪಿದ ದಿನ ಮನಸ್ಸು ಕದಡುವುದೇಕೆ?

ಪ್ರಶ್ನೆ: ಮನಸ್ಸಿನ ತಳಮಳಕ್ಕೆ ಶುದ್ಧಿಕ್ರಿಯೆಗಳು ಒಳ್ಳೆಯವೆಂದು ಕೇಳಿ ಆರು ತಿಂಗಳಿಂದ ದಿನವೂ ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು), ವಾರಕ್ಕೆರಡು ಬಾರಿ ವಮನಧೌತಿ (ನೀರು ಕುಡಿದು ವಾಂತಿ ಮಾಡಿ ಹೊಟ್ಟೆ ತೊಳೆಯುವುದು) ಮಾಡುತ್ತಿದ್ದೇನೆ. ಮೊದಮೊದಲು ಹಗುರವೆನಿಸುತ್ತಿತ್ತು. ಈಗ ಒಂದು ದಿನ ತಪ್ಪಿದರೂ ಮೈಯೆಲ್ಲ ಅಶುದ್ಧವಾದಂತೆನಿಸಿ ಯಾವ ಕೆಲಸಕ್ಕೂ ಮನಸ್ಸು ನಿಲ್ಲುವುದಿಲ್ಲ. ಆಯುರ್ವೇದದ ಪಂಚಕರ್ಮ ಮಾಡಿಸಿಕೊಂಡರೆ ಪೂರ್ತಿ ಶುದ್ಧವಾದೀತೆ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗಿಂತ ಅದರ ಹಿಂದಿನ ಸಾಲೇ ನನಗೆ ಮುಖ್ಯವಾಗಿ ಕಂಡಿತು. ಪತಂಜಲಿಯ ಯೋಗಸೂತ್ರದಲ್ಲಿ ಶೌಚವು, ಅಂದರೆ ಶುಚಿತ್ವವು, ಐದು ನಿಯಮಗಳಲ್ಲಿ ಮೊದಲನೆಯದು; ಎರಡನೆಯ ಪಾದದ 41ನೆಯ ಸೂತ್ರವು ಅದರ ಫಲಗಳನ್ನು ಹೇಳುವಾಗ ಸತ್ತ್ವಶುದ್ಧಿಯ (ಅಂತಃಕರಣದ ಶುದ್ಧಿಯ) ಬೆನ್ನಿಗೇ ಸೌಮನಸ್ಯವನ್ನೂ ಏಕಾಗ್ರತೆಯನ್ನೂ ಹೆಸರಿಸುತ್ತದೆ. ಸೌಮನಸ್ಯವೆಂದರೆ ಮನಸ್ಸಿನ ಪ್ರಸನ್ನತೆ. ನಿಮ್ಮಲ್ಲಿ ಶುದ್ಧಿಯ ಆಚರಣೆಯೇ ಈ ಎರಡನ್ನೂ ಕಸಿಯುತ್ತಿದೆ. ಹಠಯೋಗಪ್ರದೀಪಿಕೆಯೂ ನೇತಿ, ಧೌತಿ ಮೊದಲಾದ ಆರು ಶುದ್ಧಿಕ್ರಿಯೆಗಳಾದ ಷಟ್ಕರ್ಮಗಳನ್ನು ಎಲ್ಲರಿಗೂ ವಿಧಿಸಿಲ್ಲ: ಮೇದಸ್ಸು (ಕೊಬ್ಬು), ಕಫ ಹೆಚ್ಚಿರುವವರು ಪ್ರಾಣಾಯಾಮಕ್ಕೆ ಮೊದಲು ಅವನ್ನು ಮಾಡಲಿ, ವಾತ, ಪಿತ್ತ, ಕಫ ದೋಷಗಳು ಸಮವಾಗಿರುವವರಿಗೆ ಬೇಡ ಎನ್ನುತ್ತದೆ. (ಈ ಶ್ಲೋಕವನ್ನು ಬಿಟ್ಟು ಷಟ್ಕರ್ಮಗಳನ್ನು ಪಟ್ಟಿಮಾಡುವ ಮುಂದಿನದನ್ನಷ್ಟೇ ಕಲಿಸುವವರು ಕಡಿಮೆಯೇನಿಲ್ಲ.)

ಪಂಚಕರ್ಮವು ಸ್ನೇಹನ (ಎಣ್ಣೆ, ತುಪ್ಪಗಳ ಬಳಕೆ), ಸ್ವೇದನಗಳಿಂದ (ಬೆವರಿಳಿಸುವುದರಿಂದ) ಆರಂಭವಾಗಿ, ದೇಹವನ್ನು ಶುದ್ಧಿಗೊಳಿಸುವ ಶೋಧನದ ನಂತರ ಗಂಜಿಯಿಂದ ಹಂತಹಂತವಾಗಿ ಸಹಜ ಊಟಕ್ಕೆ ಮರಳುವ ಚಿಕಿತ್ಸೆ; ರೋಗಿಯ ಬಲಾಬಲ ನೋಡಿ ವೈದ್ಯರೇ ನಿರ್ಧರಿಸಬೇಕಾದದ್ದು. ಆಯುರ್ವೇದದ ಗ್ರಂಥವಾದ ಚರಕಸಂಹಿತೆಯು ರಜಸ್ಸು, ತಮಸ್ಸುಗಳನ್ನು ಮನಸ್ಸಿನ ದೋಷಗಳೆಂದು ಕರೆದು, ಅವುಗಳ ಶಮನಕ್ಕೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳನ್ನು ಹೇಳುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಳೆಯುವುದಕ್ಕೆ ಅಲ್ಲಿ ಸತ್ತ್ವಾವಜಯವೆಂಬ ಪ್ರತ್ಯೇಕ ಹೆಸರೇ ಇದೆ. ಆದ್ದರಿಂದ ಹೊಟ್ಟೆಯನ್ನು ಬರಿದುಮಾಡಿದರೆ ಚಿಂತೆಯೂ ಬರಿದಾಗುತ್ತದೆಂದು ನಂಬಿ ಪಂಚಕರ್ಮಕ್ಕೆ ಹೋಗಬೇಡಿ.

ವಮನಧೌತಿಯನ್ನು ಸದ್ಯಕ್ಕೆ ನಿಲ್ಲಿಸಿ. ಮೇಲಿಂದ ಮೇಲೆ ವಾಂತಿ ಮಾಡಿಕೊಂಡರೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ಲವಣಾಂಶಗಳ ಸಮತೋಲವೂ ತಪ್ಪಬಹುದು. ನೇತಿಯನ್ನು ಮೂಗು ಕಟ್ಟಿದಾಗ ಮಾತ್ರ ಮಾಡಿದರೆ ಸಾಕು. ಕುದಿಸಿ ಉಗುರುಬೆಚ್ಚಗೆ ಆರಿಸಿದ ಅರ್ಧ ಲೀಟರ್ ನೀರಿಗೆ ಸುಮಾರು 4.5 ಗ್ರಾಂ ಉಪ್ಪು ಹಾಕಿರಿ. ಮೂಗು ಉರಿದರೆ ಉಪ್ಪಿನ ಅಳತೆ ತಪ್ಪಿದೆಯೆಂದು ತಿಳಿಯಿರಿ. ಕುದಿಸದ ನಲ್ಲಿ ನೀರನ್ನು ಎಂದೂ ಬಳಸಬೇಡಿ. ಮುಗಿದ ಮೇಲೆ ಬಗ್ಗಿ, ಎರಡೂ ಹೊಳ್ಳೆಗಳನ್ನು ತೆರೆದಿಟ್ಟು ಮೆಲ್ಲನೆ ಮೂಗಿನಿಂದ ಉಸಿರು ಊದಿ ನೀರನ್ನು ಹೊರಹಾಕಿರಿ. ಒಂದನ್ನು ಒತ್ತಿಹಿಡಿದು ಜೋರಾಗಿ ಊದಿದರೆ ನೀರು ಕಿವಿಯತ್ತ ನುಗ್ಗಬಹುದು.

ಇಷ್ಟಾದರೂ ಅಶುದ್ಧಿಯ ಭಾವನೆ ಬಿಡದಿದ್ದರೆ, ಕೈ ತೊಳೆಯುವುದಕ್ಕೂ ಸ್ನಾನಕ್ಕೂ ಅದು ಹರಡುತ್ತಿದ್ದರೆ, ಅದು ಗೀಳುರೋಗವಾಗಿರಬಹುದು. ಅದಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆಯಿದೆ. ತಡಮಾಡದೆ ಮನೋವೈದ್ಯರನ್ನು ಕಂಡು, ನೇತಿಯ ವಿಷಯವನ್ನೂ ಮುಚ್ಚಿಡದೆ ಹೇಳಿರಿ.